ಹೆಳವರ ಪುಸ್ತಕದೊಳಗಿನ ಅಣ್ಣ

ತಿರ್ಲಾಪುರದ ಶಂಕ್ರಪ್ಪನಿಗೆ ದೇವರು ಹನ್ನೆರಡು ಎಕರೆ ಎರೆಭೂಮಿ, ಮಾತಿನಲ್ಲಿ ಎಂದೂ ಸೋಲದ ಹೆಂಡತಿ, ಎಸ್ಸೆಸ್ಸೆಲ್ಸಿ ಪಾಸಾದ ಮಗಳು ಮತ್ತು ಹುಬ್ಬಳ್ಳಿಯಲ್ಲಿ ಮಾಡಿಸಿದ ಒಂದು ಕನ್ನಡಕ, ಇಷ್ಟನ್ನೂ ಕೊಟ್ಟಿದ್ದ. ಕೊಡದೆ ಉಳಿಸಿಕೊಂಡದ್ದು ಒಡಹುಟ್ಟಿದವರನ್ನು ಮಾತ್ರ. ಬದುವಿನ ಜಗಳವಿರಲಿ, ಪಂಚಾಯ್ತಿ ಕಟ್ಟೆ ಇರಲಿ, ಬೇರೆಯವರು ಮಾತಾಡಿದರೆ ಅವರ ಹಿಂದೆ ನಾಲ್ಕು ಜನ ಅಣ್ಣತಮ್ಮಂದಿರು ಗಟ್ಟಿಯಾಗಿ ಕೆಮ್ಮುತ್ತಿದ್ದರು. ಶಂಕ್ರಪ್ಪನ ಹಿಂದೆ ಕೆಮ್ಮುವವರು ಯಾರೂ ಇರಲಿಲ್ಲ. ಹೀಗಾಗಿ ತನ್ನ ಮಾತಿಗೆ ತಾನೇ ಕೆಮ್ಮಿಕೊಳ್ಳುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಊರು ಅವನನ್ನು ಕರೆಯುತ್ತಿದ್ದುದೇ 'ಒಂಟಿ ಶಂಕ್ರಪ್ಪ' ಎಂದು. ಐವತ್ತು ವರ್ಷ ಆ ಹೆಸರು ಹೊತ್ತು ತಿರುಗಿದವನಿಗೆ ಅದು ಎಷ್ಟು ನೋಯುತ್ತದೆಂಬುದು ಕರೆಯುವವರಿಗೆ ಗೊತ್ತಾಗುವುದಿಲ್ಲ.

ಅಂಥವನ ಮನೆಗೆ ಎಂಬತ್ನಾಲ್ಕನೇ ಇಸವಿಯ ಸುಗ್ಗಿ ಮುಗಿದ ಮೇಲೆ ಹೆಳವರ ದ್ಯಾವಪ್ಪ ಬಂದ. ಹೆಳವರೆಂದರೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಊರೂರು ತಿರುಗಿ, ಒಂದೊಂದು ಮನೆತನದ ಹಿರೀಕರ ಹೆಸರನ್ನು ಹಳೆಯ ಪುಸ್ತಕ ತೆಗೆದು ಓದಿ ಹೇಳುವವರು. ಓದಿಸಿಕೊಂಡ ಮನೆಯವರು ಕಾಳು ಹಾಕಬೇಕು, ಕಂಬಳಿ ಹೊದಿಸಬೇಕು. ಶಂಕ್ರಪ್ಪನ ಮನೆತನದ ಹೆಳವ ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಬರುವವನು. ಹಿಂದಿನ ಸಲ ಬಂದಾಗ ಶಂಕ್ರಪ್ಪ ಹತ್ತಿಯ ಗಾಡಿಯೊಂದಿಗೆ ಅಣ್ಣಿಗೇರಿಯಲ್ಲಿದ್ದ; ಅದರ ಹಿಂದಿನ ಸಲ ಚಳಿಜ್ವರದೊಂದಿಗೆ ಹಾಸಿಗೆಯಲ್ಲಿದ್ದ. ಮನೆಯ ಯಜಮಾನ ಮುಂದೆ ಕೂಡ್ರದೆ ಹೆಳವ ಪುಸ್ತಕ ಬಿಚ್ಚುವುದಿಲ್ಲ. ತನ್ನ ವಂಶಾವಳಿಯನ್ನು ತಾನೇ ಕೂತು ಕೇಳುವ ಯೋಗ ಅವನಿಗೆ ಬಂದದ್ದು ಇದೇ ಮೊದಲು.

ದ್ಯಾವಪ್ಪ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ ರಾಗವಾಗಿ ಓದಿದ. "ಮೂಲಪುರುಷ ಮಲ್ಲಪ್ಪ. ಮಲ್ಲಪ್ಪನ ಮಗ ಗುರಬಸಪ್ಪ. ಗುರಬಸಪ್ಪನ ಮಗ ಸಂಗಪ್ಪ. ಸಂಗಪ್ಪನ ಮಕ್ಕಳು ಇಬ್ಬರು, ಒಂದ ದಿನ ಒಂದ ಮನಿಯಾಗ ಹುಟ್ಟಿದ ಅವಳಿ. ಹಿರಿಯಾಂವ ರಾಜಪ್ಪ, ಕಿರಿಯಾಂವ ಶಂಕ್ರಪ್ಪ."

ಶಂಕ್ರಪ್ಪ ಕನ್ನಡಕ ತೆಗೆದು ಒರೆಸಿದ. ಕೇಳಿಸಿಕೊಳ್ಳುವುದಕ್ಕೂ ಕನ್ನಡಕಕ್ಕೂ ಸಂಬಂಧವಿಲ್ಲವೆಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

"ಇನ್ನೊಮ್ಮೆ ಓದು."

"ಹಿರಿಯಾಂವ ರಾಜಪ್ಪ..."

"ನನಗ ಅಣ್ಣ ಅದಾನ?"

"ನಮ್ಮಪ್ಪ ಬರದದ್ದ್ರಿ ಇದು. ಅಕ್ಷರ ಅವಂದು, ಬಾಯಿ ನಂದು."

"ಅದಾನೋ, ತೀರಿಕೊಂಡಾನೋ?"

ದ್ಯಾವಪ್ಪ ಪುಟವನ್ನು ಮೂಗಿನ ಹತ್ತಿರ ಹಿಡಿದ. "ಸತ್ತವರ ಹೆಸರಿನ ಬಾಜು ನಾವು ಒಂದ ಗೀಟ ಎಳಿತೇವ್ರಿ. ನಿಮ್ಮಪ್ಪಗ ಐತಿ, ನಿಮ್ಮಜ್ಜಗ ಐತಿ. ರಾಜಪ್ಪಗ ಗೀಟಿಲ್ಲ. ಅಂದ್ರ ಪುಸ್ತಕದ ಪ್ರಕಾರ ಅದಾನ್ರಿ."

ಶಂಕ್ರಪ್ಪ ಅಂದು ಹೆಳವನಿಗೆ ಎರಡು ಕಂಬಳಿ ಕೊಟ್ಟ. ಒಂದು ತನ್ನ ಲೆಕ್ಕದ್ದು, ಇನ್ನೊಂದು ಅಣ್ಣನ ಲೆಕ್ಕದ್ದು.

ಸಂಜೆಯೊಳಗೆ ಊರಿಗೆ ಊರೇ ರಾಜಪ್ಪನನ್ನು ಹುಡುಕಿಕೊಟ್ಟಿತು. ಕೆಲವರು ಅವನನ್ನು ಮಠಕ್ಕೆ ಮರಿಯಾಗಿ ಕೊಟ್ಟಿರಬೇಕು, ಈಗ ದೊಡ್ಡ ಸ್ವಾಮಿಗಳಾಗಿರಬೇಕು ಎಂದರು. ಕೆಲವರು ದತ್ತಕ ಹೋಗಿರಬೇಕು ಎಂದರು. ಬಾಜು ಮನೆಯ ಟೇಲರ್ ದಾವೂದಸಾಬ ಶಂಕ್ರಪ್ಪನ ಬಾಲ್ಯದ ಗೆಳೆಯ. ಬಟ್ಟೆಯ ಅಳತೆಯಲ್ಲಿ ಎಷ್ಟು ಬಿಗಿಯೋ ಮಾತಿನಲ್ಲಿ ಅಷ್ಟೇ ಸಡಿಲ. ಅವನು ಮಾತ್ರ ಅಣ್ಣನನ್ನು ಕಣ್ಣಾರೆ ಕಂಡೇಬಿಟ್ಟಿದ್ದ.

"ಹ್ವಾದ ವರ್ಷ ಹುಬ್ಬಳ್ಳಿ ಟೇಸನ್ನಿನ್ಯಾಗ, ಫಸ್ಟ್ ಕ್ಲಾಸ್ ಡಬ್ಬಿ ಕಿಡಕ್ಯಾಗ. ಅಗದಿ ನಿಂದ ಮಾರಿ, ಶಂಕ್ರಣ್ಣಾ! ನಾ 'ಶಂಕ್ರಣ್ಣಾ' ಅಂತ ಒದರಿದೆ. ಹೊಳ್ಳಿ ನೋಡಲಿಲ್ಲ."

"ಯಾಕ ನೋಡಲಿಲ್ಲ?"

"ಅವನ ಹೆಸರು ರಾಜಪ್ಪ ಅಲ್ಲೇನಪಾ!"

ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. "ಏನ್ ಹಾಕ್ಕೊಂಡಿದ್ದ?" ಎಂದು ಶಂಕ್ರಪ್ಪ ಕೇಳಿದ. "ಸೂಟು" ಎಂದ ದಾವೂದಸಾಬ. "ಹೊಲಿಗಿ ಮಾತ್ರ ಸುಮಾರಿತ್ತು."

ಇದೆಲ್ಲ ಊರೊಳಗೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಮೂರನೇ ದಿನ ಮಗಳು ಶಿವಗಂಗವ್ವನನ್ನು ನೋಡಲು ಕುಂದಗೋಳ ಕಡೆಯ ಸಂಶಿಯ ದೊಡ್ಡ ಮನೆತನದವರು ಬಂದರು. ಹಿರಿಯ ಈರಬಸಪ್ಪಜ್ಜನಿಗೆ ಎಪ್ಪತ್ತು ವರ್ಷ, ಏಳು ಗಂಡುಮಕ್ಕಳು. ವರ ಅವರ ಮೊದಲ ಮಗನ ಮಗ. ಹುಡುಗ ಸಾಲಿ ಕಲಿತವನು, ಹುಡುಗಿಗೂ ಮನಸ್ಸಿಗೆ ಬಂದಿದ್ದ. ಉಳಿದವರು ಬಸ್ಸಿಗೆ ಬಂದರೂ ಅಜ್ಜ ಮಾತ್ರ ಒಂದು ದಿನ ಮೊದಲೇ ಹೊರಟು, ಅಣ್ಣಿಗೇರಿಯಲ್ಲಿ ವಸ್ತಿ ಮಾಡಿ ಎತ್ತಿನ ಗಾಡಿಯಲ್ಲೇ ಬಂದಿದ್ದರು. ಬಾಲವಿಲ್ಲದ್ದರ ಹಿಂದೆ ಕೂಡ್ರುವುದು ಅವರಿಗೆ ಸರಿಬರುತ್ತಿರಲಿಲ್ಲ. ಶಂಕ್ರಪ್ಪ ಗಾಡಿಯ ಬಳಿ ಹೋಗಿ ಅಜ್ಜನನ್ನು ಎದುರುಗೊಳ್ಳುವಾಗ ಒಂದು ಕೆಂದೆತ್ತು ಅವನ ತೋಳನ್ನು ಮೊಣಕೈವರೆಗೆ ನೆಕ್ಕಿತು.

"ನಿಮ್ಮ ಎತ್ತಿಗೆ ಬಾಳ ಸಲಿಗಿ ಬಿಡ್ರಿ" ಎಂದು ಶಂಕ್ರಪ್ಪ ತೋಳು ಒರೆಸಿಕೊಂಡ.

"ಮಂದೀನ್ನ ಹತ್ತರ ಬಿಟ್ಟಕೊಳ್ಳೂದಿಲ್ಲ ಅದು" ಎಂದರು ಅಜ್ಜ. ಆ ಮಾತನ್ನು ಆಗ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಪಡಸಾಲೆಯ ಜಮಖಾನೆಯ ಮೇಲೆ ಏಳು ಮಂದಿ ಅಣ್ಣತಮ್ಮಂದಿರು ಸಾಲಾಗಿ ಕೂತರು. ಅಜ್ಜ ಮಾತಾಡಿದರೆ ಏಳೂ ಜನ ಒಟ್ಟಿಗೆ ಕೆಮ್ಮಿದರು. ಆ ಕೆಮ್ಮಿನ ಗತ್ತಿಗೆ ಶಂಕ್ರಪ್ಪನ ಎದೆ ಸಣ್ಣದಾಯಿತು.

"ನೀವು ಅಣ್ಣತಮ್ಮರು ಎಷ್ಟ ಮಂದಿ?" ಎಂದು ಅಜ್ಜ ಕೇಳಿದರು.

ಐವತ್ತು ವರ್ಷ 'ಒಬ್ಬನ ರೀ' ಎಂದು ನೆಲ ನೋಡಿದ ಬಾಯಿ ಇಂದು ಛಾವಣಿ ನೋಡಿ ಹೇಳಿತು: "ನಾವೂ ಇಬ್ಬರ್ರಿ. ಅವಳಿ. ಅಣ್ಣ ರಾಜಪ್ಪ ದೊಡ್ಡ ಹುದ್ದೇದಾಗ ಅದಾನ್ರಿ. ಓಡಾಟ ಎಲ್ಲಾ ಫಸ್ಟ್ ಕ್ಲಾಸಿನ್ಯಾಗ."

ಬಾಗಿಲ ಹಿಂದೆ ಹೆಂಡತಿ ನೀಲಕ್ಕನ ಬಳೆ ಝಲ್ಲೆಂದವು. ಶಂಕ್ರಪ್ಪ ಅದನ್ನು ಮೆಚ್ಚುಗೆ ಎಂದು ತಿಳಿದ.

ಅಜ್ಜನ ಮುಖ ಅರಳಿತು. "ಬೇಷಾತು! ನಮ್ಮ ಮನಿತನದಾಗ ಹೆಣ್ಣಿನ ದೊಡ್ಡಪ್ಪನ ಕೈಲೇ ನಿಶ್ಚಯದ ತಾಂಬೂಲ ತಗೊಳ್ಳೂದು. ದೊಡ್ಡಪ್ಪ ಇದ್ದೂ ಬರಲಿಲ್ಲಾಂದ್ರ, ಇದು ಒಡಕಿನ ಮನಿ ಅಂತ ತಿಳದು ನಾವು ಎದ್ದ ಹೋಗತೇವಿ. ಹದಿನೈದು ದಿನಕ್ಕ ನಿಶ್ಚಯ. ಅಣ್ಣನ್ನ ಕರಿಸ್ರಿ."

ಏಳು ಮಂದಿ ಕೆಮ್ಮಿದರು. ಮಾತು ಮುಗಿಯಿತು.

ಬೀಗರ ಗಾಡಿ ಊರ ಅಗಸಿ ದಾಟುವವರೆಗೆ ನೀಲಕ್ಕ ತಡೆದುಕೊಂಡಳು. ಆಮೇಲೆ ಅಂದಳು: "ಹದಿನೈದು ದಿನದಾಗ ನಿಮ್ಮ ಅಣ್ಣನ್ನ ಹುಡಕ್ರಿ. ಇಲ್ಲಾಂದ್ರ ನನ್ನ ಮಗಳಿಗೆ ನಾ ಬ್ಯಾರೆ ಅಪ್ಪನ್ನ ಹುಡಕತೀನಿ."  ಮಗಳು ಅತ್ತ ತಿರುಗಿ ಕಣ್ಣು ಒರೆಸಿಕೊಂಡಳು. ಶಂಕ್ರಪ್ಪನಿಗೆ ಹೆಂಡತಿಯ ಮಾತಿಗಿಂತ ಅದೇ ಹೆಚ್ಚು ನಾಟಿತು.

ಮರುದಿನವೇ ಅವನು ದಾವೂದಸಾಬನನ್ನು ಕರೆದುಕೊಂಡು ತಾಲೂಕು ಕಚೇರಿಗೆ ಹೋದ. ಅಣ್ಣ ಹುಟ್ಟಿದ ದಾಖಲೆ ಸಿಕ್ಕರೆ ಎಲ್ಲಿಗೆ ಹೋದನೆಂಬುದೂ ಅದರಲ್ಲಿ ಬರೆದಿರುತ್ತದೆ ಎಂಬುದು ಅವನ ಅಂದಾಜು. ಸರಕಾರ ಅಷ್ಟು ಅಕ್ಕರೆಯಿಂದ ಯಾರನ್ನೂ ಹಿಂಬಾಲಿಸುವುದಿಲ್ಲ ಎಂದು ಅವನಿಗೆ ಹೇಳುವವರು ಇರಲಿಲ್ಲ.

ದಾಖಲೆ ಕೋಣೆಯ ಗುಮಾಸ್ತರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಧೂಳಿನ ನಡುವೆ ಕೂತಿದ್ದರು. "ಹುಟ್ಟಿದ ತಾರೀಕು?"

"ಜೂನ್ ಒಂದ್ರಿ, ಮೂವತ್ನಾಲ್ಕನೇ ಇಸವಿ."

"ಅದು ಸಾಲಿ ಮಾಸ್ತರು ಹುಟ್ಟಿಸಿದ ತಾರೀಕು. ಈ ತಾಲೂಕಿನ್ಯಾಗ ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ. ನಿಮ್ಮವ್ವ ಹಡದ ದಿನ ಹೇಳ್ರಿ."

"ಸೀಗಿ ಹುಣ್ಣಿಮಿ ಮೂರ ದಿನ ಐತಿ ಅನ್ನೂವಾಗ ಅಂತಿದ್ಲರಿ."

ಗುಮಾಸ್ತರು ಮೂವತ್ನಾಲ್ಕರ ರಜಿಸ್ಟರು ಇಳಿಸಿದರು, ಊದಿದರು, ಸೀನಿದರು, ತೆರೆದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ತಿರ್ಲಾಪುರ. ತಂದಿ ಹೆಸರು ಸಂಗಪ್ಪ. ಗಂಡು, ಒಂದು. ವರದಿ ಕೊಟ್ಟವರು ಸೂಲಗಿತ್ತಿ ರಾಜಮಾಬಿ."

"ಒಂದ?"

"ಒಂದ. ಕೂಸಿನ ಹೆಸರು ಬರದಿಲ್ಲ. ಆಗ ಬರೀತಿದ್ದಿಲ್ಲ."

"ಹಂಗಾರ ಅದು ನಂದ್ರಿ. ಅಣ್ಣಂದು ಬರಸೂದು ಮರತಾರ."

ಗುಮಾಸ್ತರು ವಸ್ತ್ರ ಕೆಳಗೆ ಸರಿಸಿದರು. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಪ್ರಕರಣ ಅವರಿಗೆ ಸಿಕ್ಕಿರಲಿಲ್ಲ. ಅದನ್ನು ಹಗುರಾಗಿ ಬಿಡುವ ಮನುಷ್ಯರೂ ಅವರಲ್ಲ. "ಹಿರಿಯಾಂವ ಯಾರಂದ್ರಿ?"

"ಅಣ್ಣ."

"ಮೊದಲ ಹುಟ್ಟಿದಾಂವನ್ನ ಬಿಟ್ಟು ಎರಡನೇದಾಂವನ್ನ ಯಾರರೇ ಬರಸ್ತಾರೇನ್ರಿ? ಈ ದಾಖಲೆ ನಿಮ್ಮ ಅಣ್ಣಂದು. ನಿಮ್ಮದ ಇಲ್ಲ."

"ಮತ್ತ ನಾನು?"

"ನೀವು ಹುಟ್ಟಿದ್ದಕ್ಕ ಸರಕಾರದ ಹತ್ತರ ಪುರಾವಿ ಇಲ್ಲ. ಅರ್ಜಿ ಕೊಡ್ರಿ, ನೋಡೂಣು."

ಅಣ್ಣನನ್ನು ಹುಡುಕಲು ಹೋದ ಶಂಕ್ರಪ್ಪ ತನ್ನನ್ನೇ ಕಳೆದುಕೊಂಡು ಬಸ್ಸು ಹತ್ತಿದ. ಈ ಸುದ್ದಿಯನ್ನು ಯಾರಿಗೂ ಹೇಳುವುದಿಲ್ಲವೆಂದು ದಾವೂದಸಾಬ ದಾರಿಯುದ್ದಕ್ಕೂ ಆಣೆ ಇಟ್ಟ. ಮರುದಿನ ಬಾವಿಗೆ ಹೋದವರೂ ಕಟ್ಟೆಗೆ ಕೂತವರೂ ಶಂಕ್ರಪ್ಪನನ್ನು ಕಂಡು, "ಏನಪಾ, ಹುಟ್ಟಿದ್ಯೋ ಇಲ್ಲೋ?" ಎಂದು ಕುಶಲ ವಿಚಾರಿಸತೊಡಗಿದರು. "ಅರ್ಜಿ ಕೊಟ್ಟೀನಿ" ಎಂದು ಶಂಕ್ರಪ್ಪ ಗಂಭೀರವಾಗಿ ಉತ್ತರಿಸಿ ಮುಂದೆ ನಡೆದ. ಮನೆಯಲ್ಲಿ ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಇಪ್ಪತ್ತೈದ ವರ್ಷ ನಾ ಯಾರ ಸಂಗಾಟ ಬಾಳೇ ಮಾಡೇನಿ ಹಂಗಾರ?"

ಉಳಿದ ದಾರಿ ಒಂದೇ. ವರದಿ ಕೊಟ್ಟ ಸೂಲಗಿತ್ತಿ ರಾಜಮಾಬಿ ಇನ್ನೂ ಬದುಕಿದ್ದಳು. ತೊಂಬತ್ತರ ಹತ್ತಿರದ ಮುದುಕಿ, ಅಣ್ಣಿಗೇರಿಯಲ್ಲಿ ಮಗಳು ಮೈಮುನಬಿಯ ಮನೆಯಲ್ಲಿದ್ದಳು. ಗೆಳೆಯರಿಬ್ಬರೂ ಅಲ್ಲಿಗೆ ಹೋದರು. ಅಜ್ಜಿಗೆ ಕಣ್ಣು ಮಂಜಾಗಿದ್ದವು. ಶಂಕ್ರಪ್ಪನ ತಲೆಯನ್ನು ಹತ್ತಿರ ಎಳೆದು ನೆತ್ತಿಯ ಮೇಲೆ ಬೆರಳಾಡಿಸಿ ಅಂದಳು: "ಸಂಗಪ್ಪನ ಮಗ ಅಲ್ಲೇನ ನೀನು? ಈ ನೆತ್ತಿ ನಾ ತಿಕ್ಕಿದ್ದು."

ಸರಕಾರ ಒಪ್ಪದ ಶಂಕ್ರಪ್ಪನನ್ನು ಒಪ್ಪಿಕೊಂಡ ಮೊದಲ ಜೀವ ಅವಳು. ಅವನು ಅವಳ ಎರಡೂ ಕೈ ಹಿಡಿದುಕೊಂಡ. "ಅಜ್ಜೀ, ನನ್ನ ಜೋಡಿ ಹುಟ್ಟಿದಾಂವ ಎಲ್ಲಿ ಅದಾನ? ರಾಜಪ್ಪ?"

ಮುದುಕಿ ಮೊದಲು ಬಾಯಿ ತೆರೆದಳು, ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು. ಮೈಮುನಬಿ ನೀರು ಕುಡಿಸಿದ ಮೇಲೆ ಕಥೆ ಹೊರಬಂತು.

"ಆವತ್ತ ನಿಮ್ಮವ್ವಗ ಬ್ಯಾನಿ ಎದ್ದೈತಿ ಅಂತ ಓಡಿ ಬಂದೆ. ನಿಮ್ಮಪ್ಪ ನನ್ನ ಕೈ ಹಿಡದು ದನದ ಕೊಟಗ್ಯಾಗ ಎಳದ. ಅಲ್ಲಿ ನಿಮ್ಮ ಆಕಳಾ ಈಯಾಕ ಒದ್ದಾಡತಿತ್ತು, ಕರ ಅಡ್ಡ ಬಂದಿತ್ತು. ಮೊದಲ ಅದನ್ನ ಹೊರಗ ತಗದೆ. ಕೆಂದ ಹೋರಿಗರ. ಹಣಿ ಮ್ಯಾಲ ಬಿಳಿ ಚಂದ್ರ, ಎಡ ಹಿಂಗಾಲ ಪಾದ ಬೆಳ್ಳಗ. ಕೈ ತೊಳಕೊಂಡು ಒಳಗ ಬಂದೆ. ನೀ ಬಂದಿ."

"ಅಂದ್ರ... ರಾಜಪ್ಪ..."

"ಅವನೇ ರಾಜಪ್ಪ. ನಿನಗಿಂತ ಅರ್ಧ ತಾಸು ದೊಡ್ಡಾಂವ."

ದಾವೂದಸಾಬ ಮೆಲ್ಲಗೆ ಎದ್ದು ಹೊರಗೆ ಹೋದ. ಹೊರಗಿನಿಂದ ಅವನು ನಗುವ ಸದ್ದು ಕೇಳಿಸಿತು.

ರಾಜಮಾಬಿ ಮಾತ್ರ ಈಗ ನಗುತ್ತಿರಲಿಲ್ಲ. "ನಿಮ್ಮವ್ವ ಮೂರ ತಿಂಗಳ ಹಾಸಗಿ ಹಿಡದಳು. ಎದಿಯಾಗ ಹಾಲ ಬರಲಿಲ್ಲ. ಆ ಆಕಳಾ ಹಾಲ ಕುಡಿಸಿ ನಿನ್ನ ಉಳಸಿದಿವಿ. ಎರಡ ಮಲಿ ಕರಕ್ಕ, ಎರಡ ಮಲಿ ನಿನಗ. ಕರ ಸೊರಗಿತು, ಆದ್ರ ಒಂದ ದಿನಾ ಜಗಳಾ ಮಾಡಲಿಲ್ಲ. ನಿಮ್ಮಪ್ಪ ಸಿಕ್ಕ ಸಿಕ್ಕವರಿಗೆ 'ನನಗ ಇಬ್ಬರು ಗಂಡಮಕ್ಕಳು' ಅಂತಿದ್ದ. ಹೆಳವಾ ಬಂದಾಗ ಇಬ್ಬರದೂ ಹೆಸರ ಬರೀ ಅಂದ. ಹೆಳವಾ ಒಲ್ಲೆ ಅಂದ. ಹೊಸಾ ಕಂಬಳಿ ಹೊದಿಸಿ ಬರಸಿದ."

"ಆಮ್ಯಾಲ ಅವ ಎಲ್ಲಿ ಹ್ವಾದ?"

"ಮೂರ ವರ್ಷದಾಂವ ಇದ್ದಾಗ ಕುಂದಗೋಳ ಕಡೆಯವರು ಬೀಜದ ಹೋರಿ ಮಾಡಾಕ ಕೇಳಿದ್ರು. ನಿಮ್ಮಪ್ಪ ಮಾರಲಿಲ್ಲ. ದತ್ತಕ ಕೊಡತೀನಿ ಅಂತ ಕೊಟ್ಟ. ಆವತ್ತ ನೀ ಅತ್ತದ್ದು ಇಡೀ ಓಣಿಗೆ ಕೇಳಿಸಿತ್ತು. ಮುಂದ ನಿಮ್ಮಪ್ಪ ಯಾರಿಗೂ ಅವನ ಹೆಸರ ಎತ್ತಗೊಡಲಿಲ್ಲ."

 ಸೂಟು ಹಾಕಿದ ಅಣ್ಣ, ಫಸ್ಟ್ ಕ್ಲಾಸ್ ಡಬ್ಬಿಯ ಅಣ್ಣ, ಸ್ವಾಮಿಯಾದ ಅಣ್ಣ ಎಲ್ಲರೂ ಹೋದರು. ಆದರೆ ತನ್ನ ಪಾಲಿನ ಹಾಲು ಬಿಟ್ಟುಕೊಟ್ಟ ಒಬ್ಬ ಬಂದಿದ್ದ. ಶಂಕ್ರಪ್ಪನಿಗೆ ಅಳುವೂ ಬಂತು, ಜಂಬವೂ ಬಂತು. ಎರಡರಲ್ಲಿ ಜಂಬವೇ ಒಂದು ಕೈ ಮೇಲಾಯಿತು.

ನಿಶ್ಚಯದ ದಿನ ಹತ್ತಿರವಾಯಿತು. ದಾವೂದಸಾಬ ಉಪಾಯ ಹೇಳಿದ: "ನವಲಗುಂದದಾಗ ನಿನ್ನಂಗ ಇರೋ ಒಬ್ಬಾಂವ ಅದಾನ. ಸೂಟು ನಾ ಹೊಲಿದು ಕೊಡತೀನಿ. ತಾಂಬೂಲ ಕೊಟ್ಟು, ಟ್ರೇನ್ ಹೊತ್ತಾತು ಅಂತ ಹ್ವಾದ್ರ ಮುಗೀತು."

"ನಮ್ಮ ಅಣ್ಣನ ಜಾಗಾದಾಗ ಬಾಡಗಿ ಮನಶಾನ್ನ ನಿಂದ್ರಸೂದಿಲ್ಲ" ಎಂದ ಶಂಕ್ರಪ್ಪ. ಆ ದನಿಯನ್ನು ದಾವೂದಸಾಬ ಈ ಮೊದಲು ಕೇಳಿರಲಿಲ್ಲ.

ಸಂಶಿಯವರು ಬಂದರು. ಬಸ್ಸಿನಿಂದ ಏಳು ಮಂದಿ, ಗಾಡಿಯಿಂದ ಅಜ್ಜ. ಪಡಸಾಲೆ ತುಂಬಿತು. ಊರಿನ ಅಯ್ಯನವರು ತಾಂಬೂಲದ ತಟ್ಟೆ ಇಟ್ಟುಕೊಂಡು ಕೂತು, "ಹೆಣ್ಣಿನ ದೊಡ್ಡಪ್ಪ ಮುಂದ ಬರ್ರಿ" ಎಂದರು.

ಶಂಕ್ರಪ್ಪ ಎದ್ದು ನಿಂತ. ಕತ್ತು ನೆಟ್ಟಗಿತ್ತು. "ನಾ ತಿಳಿಲಾರದ ದೊಡ್ಡ ಮಾತು ಆಡೀನ್ರಿ, ತಪ್ಪಾತು. ನಮ್ಮಣ್ಣ ಹುದ್ದೇದಾಗ ಇಲ್ಲ. ನನ್ನ ಜೋಡಿ ಒಂದ ದಿನ ಹುಟ್ಟಿ, ಒಂದ ಆಕಳಾ ಹಾಲ ಕುಡದು, ನನಗ ಅರ್ಧಾ ಬಿಟ್ಟು ನನ್ನ ಜೀವ ಉಳಿಸಿದಾಂವ ಅವ. ಅವ ಒಂದು ಹೋರಿ. ಆದ್ರ ಅಣ್ಣ ಅಲ್ಲ ಅಂತ ಮಾತ್ರ ನಾ ಅನ್ನೂದಿಲ್ಲ."

 ಅಜ್ಜನ ನಾಲ್ಕನೇ ಮಗ ಫಕ್ಕನೆ ನಕ್ಕ. ಐದನೆಯವನು ಅವನ ಮೇಲೆ ಬಿದ್ದು ನಕ್ಕ. ಎರಡನೆಯವನು ಶಲ್ಯ ಝಾಡಿಸಿ ಎದ್ದ: "ನಡೀರಿ ಹೋಗೂಣು. ಎತ್ತಿನ ತಮ್ಮನ ಮಗಳ್ನ ತಂದ್ರ ಸಂಶ್ಯಾಗ ಮಾರಿ ತೋರಸಾಕ ಆಗತೈತೇನು?"

ಬಾಗಿಲ ಹಿಂದೆ ಈ ಸಲ ಬಳೆಯ ಸದ್ದು ಬರಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು.

"ಕುಂಡ್ರಲೇ!" ಎಂದು ಈರಬಸಪ್ಪಜ್ಜ ಗುಡುಗಿದರು. ಎರಡನೆಯವನು ನಿಂತಲ್ಲೇ ಕೂತ. ಅಜ್ಜ ಶಂಕ್ರಪ್ಪನತ್ತ ಬಗ್ಗಿದರು. "ಕೆಂದ ಹೋರಿಯೇನು?"

"ಹೌದ್ರಿ."

"ಹಣಿ ಮ್ಯಾಲ ಚಂದ್ರ?"

"ಹೌದ್ರಿ. ಎಡ ಹಿಂಗಾಲ..."

"ಪಾದ ಬೆಳ್ಳಗ" ಎಂದು ಅಜ್ಜನೇ ಮುಗಿಸಿದರು. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಮ್ಮಪ್ಪನ ಜೋಡಿ ನಾನ ಬಂದು ಒಯ್ದೇನಿ. ಆಗಿನ್ನೂ ನನಗ ಮೀಸಿ ಕಪ್ಪಗಿದ್ವು. ತಿರ್ಲಾಪುರದಾಂವ ಅಂತ ಕರೀತಿದ್ವಿ, ರಾಜಪ್ಪ ಅನ್ನೂ ಹೆಸರು ನಮಗ ಯಾರೂ ಹೇಳಲಿಲ್ಲ. ಹೋರಿ ಕೊಟ್ಟ ಯಜಮಾನರು ಒಂದ ಮಾತು ಅಂದಿದ್ರು: 'ದನಾ ಅಂತ ಕಟ್ಟಬ್ಯಾಡ್ರಿ, ಮಗಾ ಅಂತ ಕಟ್ರಿ.' ಅವರ ಮನಿ ಇದು ಅಂತ ನನಗ ತಿಳೀಲೇ ಇಲ್ಲ ನೋಡ್ರಿ. ಆಗ ಗುಡಸಲದಂಗ ಇತ್ತು, ಈಗ ಮಾಳಿಗಿ ಐತಿ."

ಅವರು ತಮ್ಮ ಮಕ್ಕಳತ್ತ ತಿರುಗಿದರು. "ನಿಮಗ ಏಳು ಮಂದಿಗೆ ಏಳು ಜೋಡಿ ಎತ್ತು ಕಟ್ಟಿ ಕೊಟ್ಟೇನಿ. ಎಲ್ಲಾ ಅವನ ವಂಶದ್ದು. ಅವನ ಮೊಮ್ಮಕ್ಕಳ ಹೆಗಲ ಮ್ಯಾಲ ಉಂಡು, ಅವನ ತಮ್ಮನ ಮನಿಯಾಗ ಕುಂತು ನಗತೀರೇನ? ಕೆಮ್ರೆಲೇ ಈಗ!"

ಯಾರೂ ಕೆಮ್ಮಲಿಲ್ಲ.

ಅಯ್ಯನವರು ಮಾತ್ರ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. "ಹಂಗಾದ್ರ ಈ ಹುಡಿಗಿ ನಿಮ್ಮ ಎತ್ತಿಗೆ ಅತ್ತಿ ಆಗಬೇಕಲ್ರಿ, ಅಜ್ಜಾರ? ಇಲ್ಲಾ ಮುತ್ತತ್ತಿ..."

"ಏನರೇ ಆಗಲಿ, ನಾವು ನಲವತ್ತೇಳು ವರ್ಷದಿಂದ ಬೀಗರು. ನಿಶ್ಚಯ ಈಗ ಮಾಡಾಕ ಹತ್ತೇವಷ್ಟ" ಎಂದರು ಅಜ್ಜ. "ಗಾಡಿಗೆ ಕಟ್ಟಿದ ಕೆಂದನ್ನ ತಗೊಂಡ ಬರ್ರಿ. ದೊಡ್ಡಪ್ಪನ ಕಡೆಯಿಂದ ಅವನೇ ತಾಂಬೂಲ ಕೊಡಲಿ."

ಅಂಗಳಕ್ಕೆ ಎತ್ತು ಬಂತು. ಹಣೆಯ ಮೇಲೆ ಬಿಳಿ ಚಂದ್ರ ಇತ್ತು. ಮೊದಲ ಸಲ ಶಂಕ್ರಪ್ಪ ಅದನ್ನು ನೋಡಿರಲಿಲ್ಲ, ಆಗ ಅವನ ಲಕ್ಷ್ಯವೆಲ್ಲ ಬೀಗರ ರುಮಾಲುಗಳ ಮೇಲಿತ್ತು. ನೀಲಕ್ಕ ಆರತಿ ತಂದಳು. ಬಾಯಿ ಬಿಡದೆ ಒಂದು ಕೆಲಸ ಮಾಡಿದ್ದು ಅವಳ ಬಾಳಿನಲ್ಲೇ ಅದು ಮೊದಲು. ಶಂಕ್ರಪ್ಪ ತಟ್ಟೆಯನ್ನು ಎತ್ತಿನ ಮೂತಿಯ ಮುಂದೆ ಹಿಡಿದ. ಅದು ಮೊದಲು ಅವನ ತೋಳನ್ನು ಮೊಣಕೈವರೆಗೆ ನೆಕ್ಕಿತು. ಆಮೇಲೆ ತಟ್ಟೆಯೊಳಗಿನ ಐದೂ ಎಲೆಯನ್ನು ತಿಂದು ಅಡಿಕೆ, ಕಾಯಿ ಮಾತ್ರ ಬಿಟ್ಟಿತು.

"ತಾಂಬೂಲ ಕೊಡೂದ ಬಿಟ್ಟು ತಿಂದ ಬಿಡ್ತಲ್ರಿ!" ಎಂದರು ಅಯ್ಯನವರು.

"ಮನಿ ಹಿರಿಯಾಂವ. ಮೊದಲ ಅವ ತಿಂದು ಆಮ್ಯಾಲ ನಮಗ" ಎಂದು ಅಜ್ಜ ಉಳಿದ ಅಡಿಕೆ-ಕಾಯಿಯನ್ನು ಎರಡೂ ಕೈಯಿಂದ ತೆಗೆದುಕೊಂಡರು. ಆಗ, ಯಾರೂ ಹೇಳದಿದ್ದರೂ, ಏಳು ಜನ ಅಣ್ಣತಮ್ಮಂದಿರು ಶಂಕ್ರಪ್ಪನ ಹಿಂದೆ ಬಂದು ನಿಂತು ಒಟ್ಟಿಗೆ ಕೆಮ್ಮಿದರು.

ಮದುವೆ ಮುಗಿದ ಒಂದು ತಿಂಗಳಿಗೆ ತಾಲೂಕು ಕಚೇರಿಯಿಂದ ಕಾಗದ ಬಂತು: ಹುಟ್ಟಿದ್ದಕ್ಕೆ ಪುರಾವೆಯೊಂದಿಗೆ ಖುದ್ದಾಗಿ ಹಾಜರಾಗುವುದು. ಶಂಕ್ರಪ್ಪ ಹೊಸ ರುಮಾಲು ಸುತ್ತಿಕೊಂಡು ಹೋದ. ಗುಮಾಸ್ತರು ಕೇಳಿದರು: "ನಿಮ್ಮ ಅಣ್ಣ ಸಿಕ್ಕನೇನ್ರಿ?"

"ಸಿಕ್ಕನ್ರಿ. ತೀರಿಕೊಂಡು ಬಾಳ ವರ್ಷ ಆತು. ಮಕ್ಕಳು ಮೊಮ್ಮಕ್ಕಳು ಸಂಶ್ಯಾಗ ಅದಾವು. ಎಲ್ಲಾರೂ ಆರಾಮ."

"ಏನ ಉದ್ಯೋಗ ಇತ್ತು?"

"ಒಕ್ಕಲತನ. ಅವನಂಗ ಹೊಲದಾಗ ದುಡಿಯಾವ್ರು ಈ ಜಿಲ್ಲಾದಾಗ ಹುಟ್ಟಿಲ್ರಿ."

"ಹಂಗಾರ ರಜಿಸ್ಟರಿನ್ಯಾಗ ಇರೋ ಗಂಡು ಒಂದು, ಅದು ಯಾರು?"

"ಅದು ನಾನ್ರಿ. ಅಣ್ಣಂದು ಹೆಳವರ ಪುಸ್ತಕದಾಗ ಐತಿ. ಸರಕಾರಕ್ಕಿಂತ ಅದು ಹಳೀದು."

ಗುಮಾಸ್ತರಿಗೆ ಅರ್ಥವಾಗಲಿಲ್ಲ. ಆದರೆ ಎದುರಿಗೆ ನಿಂತವನ ಠೀವಿ ನೋಡಿ ಮುಂದೆ ಕೇಳುವ ಧೈರ್ಯವೂ ಆಗಲಿಲ್ಲ. ಅರ್ಜಿಯ ಕೊನೆಯ ಕಲಮಿಗೆ ಪೆನ್ನು ತಂದು, "ಒಟ್ಟು ಅಣ್ಣತಮ್ಮರು ಎಷ್ಟ ಅಂತ ಬರೀಲಿ?" ಎಂದರು.

ಶಂಕ್ರಪ್ಪ ಕನ್ನಡಕ ಸರಿ ಮಾಡಿಕೊಂಡ.

"ಇಬ್ಬರು ಅಂತ ಬರೀರಿ. ನಾ ಸಣ್ಣಾಂವ."